ಒಣ ನೆಲದ ಜಿಲ್ಲೆಯಲ್ಲಿ ಮನೆಯ ವೈರಿಂಗ್

(ಕೋಲಾರದಲ್ಲಿ ಮನೆ ಕಟ್ಟಿಸುತ್ತಿರುವವರು ಮತ್ತು ವೈರಿಂಗ್ ಕೆಲಸ ಕಲಿಯುತ್ತಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮನೆ ಕಟ್ಟಿಸುವಾಗ ಸಿಮೆಂಟು ಯಾವುದು, ಕಂಬಿ ಎಷ್ಟು ದಪ್ಪ, ಟೈಲ್ಸ್ ಯಾವ ಬಣ್ಣ ಎಂದು ತಿಂಗಳುಗಟ್ಟಲೆ ವಿಚಾರಿಸುತ್ತೇವೆ. ವೈರಿಂಗ್ ವಿಷಯಕ್ಕೆ ಬಂದರೆ ‘ಪಾಯಿಂಟಿಗೆ ಎಷ್ಟು’ ಎಂಬ ಚೌಕಾಸಿಯಲ್ಲೇ ಮಾತು ಮುಗಿದುಹೋಗುತ್ತದೆ. ಗೋಡೆಯೊಳಗೆ ಏನು ಹೋಯಿತು, ಅರ್ಥಿಂಗ್ ಗುಂಡಿಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಗುಂಡಿಗೆ, ಏನು ಹಾಕಿದರು ಎಂದು ಕೇಳುವವರು ಕಡಿಮೆ. ಇವತ್ತು ಮುಖ್ಯವಾಗಿ ಒಂದು ವಿಷಯವನ್ನು ನಿಮಗೆ ಮನವರಿಕೆ ಮಾಡಿಕೊಡಬೇಕು: ನಮ್ಮ ಕೋಲಾರದಂಥ ಒಣ ನೆಲದಲ್ಲಿ ಅರ್ಥಿಂಗ್ ಮತ್ತು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ, ಅಂದರೆ ಆಫ್ ಆಗುವ ಸ್ವಿಚ್) ಎರಡನ್ನೇ ನಂಬಿಕೊಂಡಿದ್ದರೆ ಜೀವಕ್ಕೆ ಕಾವಲಿಲ್ಲ, ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ತಾನೇ ಬೀಳುವ ಸ್ವಿಚ್) ಇರಲೇಬೇಕು. ಯಾಕೆಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಲೆಕ್ಕ ಕಷ್ಟದ್ದಲ್ಲ, ಭಾಗಾಕಾರ ಬಂದರೆ ಸಾಕು.

ನಿಮ್ಮ ಬೀದಿಯ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ ಶುರು ಮಾಡೋಣ. ಅದಕ್ಕೆ ಮೂರು ತಂತಿಯಲ್ಲಿ 11,000 ವೋಲ್ಟ್ ಬರುತ್ತದೆ. ಅದರಿಂದ ಹೊರಡುವುದು ನಾಲ್ಕು ತಂತಿ: ಮೂರು ಫೇಸ್, ಒಂದು ನ್ಯೂಟ್ರಲ್. ಯಾವುದೇ ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್, ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್. ಸಿಂಗಲ್ ಫೇಸ್ ಮನೆಗೆ ಬರುವುದು ಈ ಎರಡನೆಯ ಜೋಡಿ. ಕರೆಂಟು ಫೇಸಿನಲ್ಲಿ ಬಂದು, ಬಲ್ಬನ್ನೋ ಮೋಟಾರನ್ನೋ ದಾಟಿ, ನ್ಯೂಟ್ರಲ್‌ನಲ್ಲಿ ಟಿಸಿಗೆ ವಾಪಸಾಗಬೇಕು. ಅದು ಸೆಕೆಂಡಿಗೆ 50 ಆವರ್ತನದಂತೆ, ಅಂದರೆ ನೂರು ಸಲ, ದಿಕ್ಕು ಬದಲಿಸುತ್ತಿರುತ್ತದೆ ನಿಜ, ಆದರೆ ಸುತ್ತು ಪೂರ್ತಿಯಾಗದೆ ಎಲ್ಲೂ ಹರಿಯುವುದಿಲ್ಲ ಅನ್ನುವುದು ಮುಖ್ಯ.

ಇನ್ನು ಬಹಳ ಜನ ಗಮನಿಸದ ಸಂಗತಿ. ಆ ನ್ಯೂಟ್ರಲ್ಲನ್ನು ಟಿಸಿಯ ಬುಡದಲ್ಲೇ ನೆಲಕ್ಕೆ ಕಟ್ಟಿರುತ್ತಾರೆ. ಹಾಗಾಗಿ ಕರೆಂಟು ಟಿಸಿಗೆ ವಾಪಸಾಗಲು ಎರಡು ದಾರಿ ಆಯಿತು. ಒಂದು ನ್ಯೂಟ್ರಲ್ ತಂತಿ, ಇನ್ನೊಂದು ನಾವು ನಿಂತಿರುವ ನೆಲ. ಬರಿಗಾಲಲ್ಲಿ ನಿಂತು ಫೇಸ್ ಮುಟ್ಟಿದವನು ಆ ಎರಡನೆಯ ದಾರಿಯ ಒಂದು ಭಾಗವಾಗುತ್ತಾನೆ. ಕರೆಂಟ್ ಹೊಡೆಯುವುದು ಅಂದರೆ ಇದೇ.

ಕಂಬದಿಂದ ಸರ್ವಿಸ್ ವೈರ್ ಬಂದು ಮೀಟರಿಗೆ ಸೇರುತ್ತದೆ. ಮೀಟರಿನಿಂದ ಮೇನ್ ಸ್ವಿಚ್‌, ಅಲ್ಲಿಂದ ಡಿಬಿ ಬಾಕ್ಸು (ಮನೆಯ ಬೇರೆ ಬೇರೆ ಲೈನುಗಳಿಗೆ ಕರೆಂಟು ಹಂಚುವ ಪೆಟ್ಟಿಗೆ). ಡಿಬಿಯಲ್ಲಿ ಮೊದಲು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಎರಡು ಪೋಲಿನ ಮೇನ್, ಆಮೇಲೆ ಆರ್‌ಸಿಸಿಬಿ, ಆಮೇಲೆ ಒಂದೊಂದು ಲೈನಿಗೂ ಒಂದೊಂದು ಎಂಸಿಬಿ. ಹಳೆಯ ಮನೆಗಳಲ್ಲಿ ಎಂಸಿಬಿ ಜಾಗದಲ್ಲಿ ಪಿಂಗಾಣಿ ಫ್ಯೂಸ್ ಇರುತ್ತದೆ. ಅದು ಸುಟ್ಟಾಗ ಕೈಗೆ ಸಿಕ್ಕ ತಾಮ್ರದ ಎಳೆ ಕಟ್ಟುವ ಅಭ್ಯಾಸ ಇನ್ನೂ ಹೋಗಿಲ್ಲ. ಒಂದೂವರೆ ಸ್ಕ್ವೇರ್ (ಚದರ ಮಿಲಿಮೀಟರ್) ವೈರಿನ ನಾಲ್ಕು ಎಳೆ ತಿರುಚಿ ಕಟ್ಟಿದ ಫ್ಯೂಸು ಕರಗುವ ಹೊತ್ತಿಗೆ ಗೋಡೆಯೊಳಗಿನ ವೈರು ಬೆಂದಿರುತ್ತದೆ.

ಎಂಸಿಬಿ ಕಾಯುವುದು ಮನುಷ್ಯನನ್ನಲ್ಲ, ವೈರನ್ನು. ಅದರೊಳಗೆ ಎರಡು ಏರ್ಪಾಡು ಇವೆ. ಒಂದು, ಬಿಸಿಯಾದರೆ ಬಾಗುವ ಎರಡು ಲೋಹಗಳ ಪಟ್ಟಿ. ಇದು ಓವರ್‌ಲೋಡಿಗೆ, ನಿಧಾನಕ್ಕೆ ಕೆಲಸ ಮಾಡುತ್ತದೆ. 16 ಆಂಪಿಯರ್ ಎಂಸಿಬಿ 16.1 ಆದ ತಕ್ಷಣ ಬೀಳುವುದಿಲ್ಲ. ಸುಮಾರು 18 ಆಂಪಿಯರ್ ಒಂದು ಗಂಟೆ ಹರಿದರೂ ಬೀಳದೆ ಇರಬೇಕು, 23 ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು ಎಂಬುದು ಅದರ ಮಾನದಂಡ. ಇನ್ನೊಂದು, ಒಳಗಿನ ಕಾಯಿಲ್. ಇದು ಶಾರ್ಟ್ ಸರ್ಕಿಟ್‌ಗೆ, ಕಣ್ಣು ಮಿಟುಕಿಸುವುದರೊಳಗೆ ಎಳೆದು ಬೀಳಿಸುತ್ತದೆ. ಎಂಸಿಬಿ ಮೇಲೆ ‘ಸಿ 16’ ಎಂದು ಬರೆದಿದ್ದರೆ ಆ ಕಾಯಿಲ್ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ನಡುವೆ ಎಳೆಯುತ್ತದೆ. ‘ಬಿ’ ಆದರೆ ಮೂರರಿಂದ ಐದು ಪಟ್ಟು. ಈ 160 ಅನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಅರ್ಥಿಂಗ್ ಲೆಕ್ಕಕ್ಕೆ ಬೇಕಾಗುತ್ತದೆ.

ವೈರು ಮತ್ತು ಎಂಸಿಬಿ ಜೋಡಿಯಾಗಿ ಹೋಗಬೇಕು. ಲೈಟು, ಫ್ಯಾನಿಗೆ ಒಂದೂವರೆ ಸ್ಕ್ವೇರ್ ತಾಮ್ರ, 6 ಅಥವಾ 10 ಆಂಪಿಯರ್ ಎಂಸಿಬಿ. 16 ಆಂಪಿಯರ್ ಪವರ್ ಪಾಯಿಂಟಿಗೆ ಎರಡೂವರೆ ಸ್ಕ್ವೇರ್, 16ರ ಎಂಸಿಬಿ. ಎಸಿಗೆ, ದೊಡ್ಡ ಗೀಸರಿಗೆ ನಾಲ್ಕು ಸ್ಕ್ವೇರ್, 20ರ ಎಂಸಿಬಿ. ಲೈಟಿನ ಒಂದು ಲೈನಿನಲ್ಲಿ 10 ಪಾಯಿಂಟ್ ಅಥವಾ 800 ವ್ಯಾಟ್ ಮೀರಬಾರದು, ಪವರ್ ಲೈನೊಂದಕ್ಕೆ ಎರಡು ಪಾಯಿಂಟಿಗಿಂತ ಹೆಚ್ಚು ಕೊಡಬಾರದು ಎಂಬುದು ವೈರಿಂಗ್ ನಿಯಮಾವಳಿಯ ಮಾತು. ಅಡುಗೆಮನೆಯಲ್ಲಿ ಈ ನಿಯಮ ಮುರಿಯುವುದೇ ಹೆಚ್ಚು. ಇಂಡಕ್ಷನ್ ಒಲೆ 2000 ವ್ಯಾಟ್, ಕೆಟಲ್ 1500, ಮಿಕ್ಸಿ 750. ಮೂರೂ ಸೇರಿ 4250 ವ್ಯಾಟ್, ಅಂದರೆ ಹದಿನೆಂಟೂವರೆ ಆಂಪಿಯರ್. ಬೆಳಗ್ಗೆ ಏಳು ಗಂಟೆಗೆ ಮೂರೂ ಒಟ್ಟಿಗೆ ಓಡುತ್ತವೆ. ಅದಕ್ಕೇ ಅಡುಗೆಮನೆಗೆ ಎರಡು ಬೇರೆ ಬೇರೆ ಪವರ್ ಲೈನು ಎಳೆಸಿ. ಮೋಲ್ಡ್ ಹಾಕುವ ಮುಂಚೆ ಒಂದು ಪೈಪು ಹೆಚ್ಚಿಗೆ ಬಿಡಿಸುವುದು ಸುಲಭ, ಟೈಲ್ಸ್ ಅಂಟಿಸಿದ ಮೇಲೆ ಗೋಡೆ ಕೊರೆಯುವುದು ಕಷ್ಟ.

ಎಂಸಿಬಿ ಪದೇ ಪದೇ ಬೀಳುತ್ತಿದೆ ಎಂದು 16 ಕಿತ್ತು 32 ಹಾಕಿಕೊಡುವವರಿದ್ದಾರೆ. ಬೀಳುವುದು ನಿಲ್ಲುತ್ತದೆ, ಬಿಸಿ ನಿಲ್ಲುವುದಿಲ್ಲ. ಮಾಮೂಲಿ ಪಿವಿಸಿ ವೈರಿನ ಹೊದಿಕೆ ತಡೆಯುವುದು 70 ಡಿಗ್ರಿವರೆಗೆ. ಒಂದೇ ಪೈಪಿನಲ್ಲಿ ಏಳೆಂಟು ವೈರು ತುರುಕಿದ್ದರೆ, ಅದೂ ಏಪ್ರಿಲ್ ಬಿಸಿಲಿಗೆ ಕಾದ ಮೋಲ್ಡಿನೊಳಗೆ ಇದ್ದರೆ, ಆ ವೈರು ತಾಳಿಕೊಳ್ಳುವ ಆಂಪಿಯರ್ ಇನ್ನೂ ಇಳಿಯುತ್ತದೆ. ಹೊದಿಕೆ ಮೊದಲು ಗಡುಸಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಐದಾರು ವರ್ಷದ ಮೇಲೆ ‘ಇದ್ದಕ್ಕಿದ್ದ ಹಾಗೆ ಶಾರ್ಟ್ ಆಯ್ತು’ ಅನ್ನುತ್ತಾರೆ. ಇದ್ದಕ್ಕಿದ್ದ ಹಾಗೆ ಆದದ್ದಲ್ಲ ಅದು.

ಈಗ ಅರ್ಥಿಂಗ್‌ಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಗೀಸರಿನ ಕಾಯಿಲ್ ತೂತಾಗಿ ಫೇಸು ಅದರ ಲೋಹದ ಮೈಗೆ ತಗುಲಿತು ಅಂದುಕೊಳ್ಳಿ. ಮೈಯಿಂದ ಹಸಿರು ವೈರು ಅರ್ಥಿಂಗ್ ಗುಂಡಿಗೆ ಹೋಗಿದೆ. ಕರೆಂಟು ಗುಂಡಿಗಿಳಿದು, ನೆಲದಲ್ಲಿ ಹಾದು, ಟಿಸಿ ಬುಡದ ಗುಂಡಿಯಿಂದ ಮೇಲೇರಿ ಸುತ್ತು ಪೂರ್ತಿ ಮಾಡುತ್ತದೆ. ‘ಆಗ ಎಂಸಿಬಿ ಬೀಳುತ್ತೆ, ಅದಕ್ಕೇ ಅರ್ಥಿಂಗ್ ಇರೋದು’ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಬೀಳುತ್ತದೆಯೇ? ನಿಮ್ಮ ಗುಂಡಿಯ ಪ್ರತಿರೋಧ, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ, 20 ಓಮ್, ಟಿಸಿಯದು 2 ಓಮ್ ಎಂದಿಟ್ಟುಕೊಳ್ಳಿ. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 230ನ್ನು 22ರಿಂದ ಭಾಗಿಸಿ: ಸುಮಾರು ಹತ್ತೂವರೆ ಆಂಪಿಯರ್. 16ರ ಎಂಸಿಬಿಗೆ ಅದು ಮಾಮೂಲಿ ಲೋಡು, ಅಲ್ಲಾಡುವುದೂ ಇಲ್ಲ. ಕಾಯಿಲ್ ಖಂಡಿತವಾಗಿ ಎಳೆಯಬೇಕಾದರೆ 160 ಆಂಪಿಯರ್ ಬೇಕು, ಅದಕ್ಕೆ ಇಡೀ ದಾರಿಯ ಪ್ರತಿರೋಧ ಒಂದೂವರೆ ಓಮಿಗಿಂತ ಕಡಿಮೆ ಇರಬೇಕು. ಮನೆಯ ಗುಂಡಿಯೊಂದಕ್ಕೆ ಅದು ಆಗದ ಮಾತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹತ್ತೂವರೆ ಆಂಪಿಯರ್ 20 ಓಮಿನಲ್ಲಿ ಹರಿದರೆ ಆ ಗುಂಡಿಯ ಮೇಲೆ 209 ವೋಲ್ಟ್ ನಿಲ್ಲುತ್ತದೆ. ಗುಂಡಿಗೆ ಕಟ್ಟಿದ ಹಸಿರು ವೈರಿಗೂ 209. ಆ ವೈರು ಮನೆಯ ಎಲ್ಲ ಮೂರು ಪಿನ್ ಸಾಕೆಟ್ಟಿಗೂ ಹೋಗಿರುತ್ತದಲ್ಲ, ಹಾಗಾಗಿ ಫ್ರಿಜ್, ವಾಷಿಂಗ್ ಮಷಿನ್, ಇಸ್ತ್ರಿಪೆಟ್ಟಿಗೆ, ಗ್ರೈಂಡರ್ ಎಲ್ಲದರ ಮೈಗೂ ಅಷ್ಟೇ ವೋಲ್ಟೇಜ್ ಬಂದು ಕೂರುತ್ತದೆ. ಕೆಟ್ಟಿರುವುದು ಬಚ್ಚಲಿನ ಗೀಸರು, ಹೊಡೆಯುವುದು ಅಡುಗೆಮನೆಯ ಫ್ರಿಜ್ಜು. ಜೊತೆಗೆ ಗಂಟೆಗೆ ಎರಡು ಯೂನಿಟ್ಟಿಗೂ ಮೀರಿ ಕರೆಂಟು ಸುಮ್ಮನೆ ಮಣ್ಣಿಗೆ ಹೋಗುತ್ತಿರುತ್ತದೆ. ಆ ಬಿಸಿಗೆ ಪೈಪಿನ ಸುತ್ತ ಇದ್ದ ತೇವವೂ ಆರಿ, ಪ್ರತಿರೋಧ ಇನ್ನೂ ಏರುತ್ತದೆ.

20 ಓಮ್ ಅನ್ನುವುದು ಇಲ್ಲಿ ಒಳ್ಳೆಯ ಗುಂಡಿ ಎಂದೇ ಹೇಳಬೇಕು. ತೇವ ಇರುವ ಸಾಧಾರಣ ಮಣ್ಣಿನಲ್ಲಿ, ಅಂದರೆ 100 ಓಮ್-ಮೀಟರ್ ಲೆಕ್ಕದ ಮಣ್ಣಿನಲ್ಲಿ, 40 ಮಿಲಿಮೀಟರ್ ಗಾತ್ರದ ಎರಡೂವರೆ ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಹೂತರೆ ಸಿಗುವುದು ಸುಮಾರು 35 ಓಮ್. ಮಣ್ಣಿನ ಪ್ರತಿರೋಧ ಐದು ಪಟ್ಟಾದರೆ ಇದೂ ಐದು ಪಟ್ಟು, ಅಂದರೆ 170ರ ಮೇಲೆ. ಶತಶೃಂಗದ ತಪ್ಪಲಿನಲ್ಲಿ ಎರಡು ಅಡಿ ಅಗೆದರೆ ಕಲ್ಲು ಸಿಗುವ ಸೈಟುಗಳು ಎಷ್ಟಿಲ್ಲ? ಮೇಲೆ ಕೆಂಪು ಮಣ್ಣು, ಕೆಳಗೆ ಗೊರಚು, ಅದರ ಕೆಳಗೆ ಬಂಡೆ. ಬೇಸಿಗೆಯಲ್ಲಿ ಅಂಥ ನೆಲದಲ್ಲಿ ನೀರಿನ ಪಸೆ ಕಾಣಬೇಕಾದರೆ ಎಷ್ಟು ಆಳಕ್ಕೆ ಹೋಗಬೇಕು ಎಂದು ಬೋರ್‌ವೆಲ್ ಕೊರೆಸಿದವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಬಲ್ಬ್ ಪರೀಕ್ಷೆ. ಗುಂಡಿ ಮುಚ್ಚಿದ ಮೇಲೆ ಫೇಸಿಗೂ ಅರ್ಥಿಗೂ ಒಂದು ಬಲ್ಬ್ ಹಚ್ಚಿ ತೋರಿಸಿ, ‘ನೋಡಿ ಸಾರ್, ಅರ್ಥ್ ಫಸ್ಟ್ ಕ್ಲಾಸ್’ ಎಂದು ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ. 100 ವ್ಯಾಟಿನ ಹಳೇ ಬಲ್ಬು ಉರಿಯುವಾಗ ಅದರ ಪ್ರತಿರೋಧವೇ 529 ಓಮ್. ಗುಂಡಿ 50 ಓಮ್ ಇದ್ದರೂ ಬಲ್ಬಿಗೆ 210 ವೋಲ್ಟ್ ಸಿಕ್ಕಿಬಿಡುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಎಲ್‌ಇಡಿ ಬಲ್ಬು ಇನ್ನೂ ಮೋಸ, 9 ವ್ಯಾಟಿನದು ಗುಂಡಿ ನೂರಾರು ಓಮ್ ಇದ್ದರೂ ಅಷ್ಟೇ ಬೆಳಕು ಕೊಡುತ್ತದೆ. ಅರ್ಥ್ ಅಳೆಯುವುದಕ್ಕೆ ಅರ್ಥ್ ಟೆಸ್ಟರ್ ಎಂಬ ಮೀಟರೇ ಇದೆ. ಗುಂಡಿಯಿಂದ ದೂರದಲ್ಲಿ ಎರಡು ಕಡ್ಡಿ ನೆಟ್ಟು ಅಳೆಯುತ್ತಾರೆ. ಗುತ್ತಿಗೆ ಮಾತಾಡುವಾಗಲೇ ‘ಮೀಟರ್ ಹಾಕಿ ಓಮ್ ಎಷ್ಟೆಂದು ಬರೆದುಕೊಡಬೇಕು’ ಎಂದು ಹೇಳಿಬಿಡಿ.

ಆರ್‌ಸಿಸಿಬಿ ಇಲ್ಲಿ ಹೇಗೆ ಲೆಕ್ಕ ಬದಲಿಸುತ್ತದೆ ನೋಡಿ. ಅದರೊಳಗೆ ಒಂದು ಕಬ್ಬಿಣದ ಉಂಗುರ ಇದೆ, ಫೇಸ್ ಮತ್ತು ನ್ಯೂಟ್ರಲ್ ಎರಡೂ ಆ ಉಂಗುರದ ಮೂಲಕ ಹಾದುಹೋಗುತ್ತವೆ. ಹೋದಷ್ಟೇ ಕರೆಂಟು ವಾಪಸು ಬಂದರೆ ಎರಡರ ಕಾಂತಬಲ ಒಂದನ್ನೊಂದು ಅಳಿಸಿಹಾಕುತ್ತದೆ. ಸ್ವಲ್ಪ ಕರೆಂಟು ನೆಲದ ದಾರಿ ಹಿಡಿದರೆ ಎರಡರಲ್ಲಿ ವ್ಯತ್ಯಾಸ ಬಂದು, ಉಂಗುರಕ್ಕೆ ಸುತ್ತಿದ ಇನ್ನೊಂದು ಕಾಯಿಲಿನಲ್ಲಿ ವೋಲ್ಟೇಜ್ ಹುಟ್ಟಿ, ಸ್ವಿಚ್ ಬೀಳುತ್ತದೆ. 30 ಮಿಲಿಆಂಪಿಯರಿನದಾದರೆ (ಆಂಪಿಯರಿನ ಸಾವಿರದಲ್ಲಿ ಒಂದು ಭಾಗ ಮಿಲಿಆಂಪಿಯರ್) 15ರಿಂದ 30 ಮಿಲಿಆಂಪಿಯರ್ ನಡುವೆ ಬೀಳುತ್ತದೆ. ಸೋರಿಕೆ 150 ಮಿಲಿಆಂಪಿಯರ್ ಆದರೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ ಬೀಳಬೇಕು. ಮನುಷ್ಯನಿಗೆ 10 ಮಿಲಿಆಂಪಿಯರ್ ದಾಟಿದರೆ ಹಿಡಿದದ್ದನ್ನು ಬಿಡಲು ಕೈ ಬರುವುದಿಲ್ಲ. 30 ದಾಟಿ ಸ್ವಲ್ಪ ಹೊತ್ತು ಎದೆಯ ಮೂಲಕ ಹರಿದರೆ ಹೃದಯದ ಬಡಿತ ತಪ್ಪುವ ಅಪಾಯ ಶುರುವಾಗುತ್ತದೆ. 30 ಎಂಬ ಅಂಕಿ ಬಂದದ್ದು ಅಲ್ಲಿಂದ.

ಅದೇ ಗೀಸರಿಗೆ ಈಗ ಲೆಕ್ಕ ಹಾಕಿ. ಗುಂಡಿ 20 ಅಲ್ಲ, 100 ಓಮ್ ಇರಲಿ. 30 ಮಿಲಿಆಂಪಿಯರ್ ಹರಿದಾಗ ಮೈಮೇಲೆ ಬರುವುದು 3 ವೋಲ್ಟ್. ಅಷ್ಟರಲ್ಲೇ ಆರ್‌ಸಿಸಿಬಿಗೆ ಗೊತ್ತಾಗುತ್ತದೆ, ಗೀಸರಿನ ಮೈ ಪೂರ್ತಿ ಫೇಸಿಗೆ ತಗುಲಿದರೆ ಎರಡು ಆಂಪಿಯರಿಗೂ ಮೀರಿ ಸೋರಿ ತಕ್ಷಣ ಬೀಳುತ್ತದೆ. ಎಂಸಿಬಿ ಪಾಲಿಗೆ ನಿಷ್ಪ್ರಯೋಜಕವಾದ ಗುಂಡಿ ಆರ್‌ಸಿಸಿಬಿ ಪಾಲಿಗೆ ಧಾರಾಳವಾಯಿತು. ಹಾಗೆಂದು ಗುಂಡಿಯೇ ಬೇಡ ಅನ್ನಬೇಡಿ. ಗುಂಡಿ ಇದ್ದರೆ ಗೀಸರು ಕೆಟ್ಟ ಕ್ಷಣವೇ, ಯಾರೂ ಮುಟ್ಟುವ ಮೊದಲೇ ಕರೆಂಟು ಕಡಿಯುತ್ತದೆ. ಗುಂಡಿ ಇಲ್ಲದಿದ್ದರೆ ಯಾರಾದರೂ ಮುಟ್ಟಿ, ಅವರ ಮೈಯಿಂದಲೇ ಸೋರಿದಾಗ ಕಡಿಯುತ್ತದೆ. ಇನ್ನೊಂದು ಮಾತು: ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನು ಆರ್‌ಸಿಸಿಬಿ ಉಳಿಸಲಾರದು, ಅದರ ಪಾಲಿಗೆ ಅವನೂ ಒಂದು ಬಲ್ಬೇ. ಓವರ್‌ಲೋಡಿಗೂ ಅದು ಬೀಳುವುದಿಲ್ಲ, ಎಂಸಿಬಿ ಬೇರೆ ಬೇಕೇ ಬೇಕು.

ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನ 40 ಆಂಪಿಯರ್, 30 ಮಿಲಿಆಂಪಿಯರ್ ಆರ್‌ಸಿಸಿಬಿ ಸಾಮಾನ್ಯವಾಗಿ ಸಾಕು. ಅದರ ಆಂಪಿಯರ್ ಮೇನ್ ಎಂಸಿಬಿಯದಕ್ಕಿಂತ ಕಡಿಮೆ ಇರಬಾರದು. ತ್ರೀ ಫೇಸಿಗೆ ನಾಲ್ಕು ಪೋಲಿನದು. ಇನ್ವರ್ಟರ್ ಎಸಿ, ಹೊಸ ನಮೂನೆಯ ವಾಷಿಂಗ್ ಮಷಿನ್ ಇದ್ದರೆ ‘ಎ’ ಟೈಪ್ ಕೇಳಿ ತೆಗೆದುಕೊಳ್ಳಿ. 100 ಅಥವಾ 300 ಮಿಲಿಆಂಪಿಯರಿನದನ್ನು ಕಮ್ಮಿ ತಂಟೆ ಎಂದು ಕೊಡುತ್ತಾರೆ. ಬೆಂಕಿ ತಡೆಯುವುದಕ್ಕೆ ಅದರಿಂದ ಉಪಯೋಗವಿದೆ, ಜೀವ ಉಳಿಸುವುದಕ್ಕೆ ಸಾಲದು.

ಗುಂಡಿ ತೆಗೆಸುವವರಿಗೆ ಒಂದಿಷ್ಟು ವಿವರ. ಗೋಡೆಯಿಂದ ಒಂದೂವರೆ ಮೀಟರಾದರೂ ದೂರ ಇರಲಿ. ಬಚ್ಚಲಿನ ಅಥವಾ ಪಾತ್ರೆ ತೊಳೆಯುವ ನೀರು ಹೋಗುವ ಕಡೆ ಜಾಗ ಸಿಕ್ಕರೆ ಅದೇ ಒಳ್ಳೆಯದು. 40 ಮಿಲಿಮೀಟರಿನ ಜಿಐ ಪೈಪ್, ಉದ್ದ ಎರಡೂವರೆ ಮೀಟರಿಗೆ ಕಮ್ಮಿ ಬೇಡ, ಮೈಗೆ 12 ಮಿಲಿಮೀಟರ್ ತೂತುಗಳು. ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು. ಉಪ್ಪು ಮಳೆಗೆ ಕರಗಿ ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಅದರ ಬದಲು ಬೆಂಟೊನೈಟ್ ಜೇಡಿಯನ್ನು ಕಲಸಿ ತುಂಬಿದರೆ ತೇವ ಹಿಡಿದಿಟ್ಟುಕೊಂಡು ಹೆಚ್ಚು ಕಾಲ ಬಾಳುತ್ತದೆ. ಪೈಪಿನ ತುದಿಗೆ ಆಲಿಕೆ ಕೂರಿಸಿ, ಮೇಲೊಂದು ಸಣ್ಣ ಸಿಮೆಂಟ್ ತೊಟ್ಟಿ ಕಟ್ಟಿ ಮುಚ್ಚಳ ಹಾಕಿ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೊಂದೆರಡು ಕೊಡ ನೀರು ಹುಯ್ಯಿರಿ. ಒಂದು ಪೈಪಿಗೆ ಓಮ್ ಇಳಿಯದಿದ್ದರೆ ಅದರ ಪಕ್ಕದಲ್ಲೇ ಇನ್ನೊಂದು ಹೂತು ಪ್ರಯೋಜನವಿಲ್ಲ. ಪೈಪಿನ ಉದ್ದದ ಎರಡು ಪಟ್ಟು, ಅಂದರೆ ಐದು ಮೀಟರ್ ದೂರ ಬಿಟ್ಟು ಹೂತರೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಬಂಡೆ ಅಡ್ಡ ಬಂದು ಆಳಕ್ಕೆ ಹೋಗಲಾಗದ ಕಡೆ, 25 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪದ ಜಿಐ ಪಟ್ಟಿಯನ್ನು ಅರ್ಧ ಮೀಟರಿಗೂ ಆಳದ ಚರಂಡಿ ತೋಡಿ, ಹದಿನೈದು ಮೀಟರ್ ಉದ್ದಕ್ಕೆ ಮಲಗಿಸಬಹುದು. ಪೈಪಿಗೂ ವೈರಿಗೂ ಸೇರುವ ಬೋಲ್ಟು ಮಣ್ಣಲ್ಲಿ ಹೂತುಹೋಗದೆ ತೊಟ್ಟಿಯೊಳಗೆ ಕಣ್ಣಿಗೆ ಕಾಣುವಂತಿರಲಿ. ಬಹಳ ಮನೆಗಳಲ್ಲಿ ಗುಂಡಿ ಸರಿಯಾಗೇ ಇರುತ್ತದೆ, ತುಕ್ಕು ಹಿಡಿದ ಆ ಒಂದು ಬೋಲ್ಟು ಇಡೀ ಅರ್ಥಿಂಗನ್ನು ಕೆಡಿಸಿರುತ್ತದೆ.

ಬೆಂಕಿಯ ವಿಷಯಕ್ಕೆ ಬಂದರೆ, ಶಾರ್ಟ್ ಸರ್ಕಿಟ್‌ಗಿಂತ ನನಗೆ ಹೆದರಿಕೆ ಲೂಸ್ ಕನೆಕ್ಷನ್ನಿನದು. ಶಾರ್ಟ್ ಆದರೆ ಎಂಸಿಬಿಗೆ ಗೊತ್ತಾಗುತ್ತದೆ, ಲೂಸ್ ಆದದ್ದು ಎಂಸಿಬಿಗೂ ಗೊತ್ತಾಗದು, ಆರ್‌ಸಿಸಿಬಿಗೂ ಗೊತ್ತಾಗದು. 2000 ವ್ಯಾಟಿನ ಗೀಸರ್ ಎಳೆಯುವುದು 8.7 ಆಂಪಿಯರ್. ಸಾಕೆಟ್ಟಿನ ಹಿಂದಿನ ಒಂದು ಸ್ಕ್ರೂ ಸಡಿಲವಾಗಿ ಅಲ್ಲಿ 0.2 ಓಮ್ ಪ್ರತಿರೋಧ ಬಂತೆಂದರೆ, ಆ ಕಡಲೆಕಾಳಿನಷ್ಟು ಜಾಗದಲ್ಲಿ 15 ವ್ಯಾಟ್ ಬಿಸಿ ಹುಟ್ಟುತ್ತದೆ. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಕಡ್ಡಿಯದೂ ಹೆಚ್ಚುಕಮ್ಮಿ ಅಷ್ಟೇ ವ್ಯಾಟು. ಬಿಸಿಗೆ ಹಿತ್ತಾಳೆ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಸ್ಕ್ರೂ ಇನ್ನೂ ಸಡಿಲ ಬೀಳುತ್ತದೆ, ತಾಮ್ರದ ಮೇಲೆ ಕಪ್ಪು ಕಿಟ್ಟ ಕಟ್ಟುತ್ತದೆ. 0.2 ಇದ್ದದ್ದು 0.5 ಆಗುತ್ತದೆ, 15 ವ್ಯಾಟ್ ಇದ್ದದ್ದು 38 ಆಗುತ್ತದೆ. ಪ್ಲಗ್ ಕಿತ್ತಾಗ ಪಿನ್ ಕೈ ಸುಡುವಷ್ಟು ಬಿಸಿ, ಸಾಕೆಟ್ಟಿನ ಒಂದು ತೂತಿನ ಸುತ್ತ ಮಾತ್ರ ಕಂದು ಬಣ್ಣ, ಬೋರ್ಡಿನ ಹತ್ತಿರ ಸುಟ್ಟ ಪ್ಲಾಸ್ಟಿಕ್ ವಾಸನೆ, ಸ್ವಿಚ್ಚಿನೊಳಗೆ ಚಿಟಿಚಿಟಿ ಸದ್ದು. ಇದರಲ್ಲಿ ಒಂದು ಕಂಡರೂ ಆ ಬೋರ್ಡನ್ನು ಅವತ್ತೇ ಬಿಚ್ಚಿಸಿ.

ಕೆಲಸ ಕಲಿಯುವ ಹುಡುಗರಿಗೆ: ವೈರಿನ ತುದಿ ಹತ್ತು ಹನ್ನೆರಡು ಮಿಲಿಮೀಟರ್ ಸುಲಿದರೆ ಸಾಕು. ಸುಲಿಯುವಾಗ ಒಂದೆರಡು ಎಳೆ ತುಂಡಾದರೆ ‘ನಡೆಯುತ್ತೆ ಬಿಡು’ ಅನ್ನದೆ ಕತ್ತರಿಸಿ ಮತ್ತೆ ಸುಲಿಯಿರಿ. ಎಳೆಗಳನ್ನು ತಿರುಚಿ, ತೂತು ದೊಡ್ಡದಿದ್ದರೆ ತುದಿಯನ್ನು ಮಡಚಿ ಒಳಗೆ ತೂರಿಸಿ. ಹೊದಿಕೆ ಸ್ಕ್ರೂ ಕೆಳಗೆ ಸಿಕ್ಕಿಕೊಳ್ಳಬಾರದು, ತಾಮ್ರ ಹೊರಗೆ ಕಾಣಬಾರದು. ಬಿಗಿ ಮಾಡಿದ ಮೇಲೆ ಒಂದೊಂದು ವೈರನ್ನೂ ಜಗ್ಗಿ ನೋಡಿ. ಪೈಪಿನ ಒಳಗೆ ಜಾಯಿಂಟ್ ಮಾಡಿ ಟೇಪು ಸುತ್ತಿ ಎಳೆದುಬಿಡುವುದು ಮಹಾ ತಪ್ಪು. ಜಾಯಿಂಟ್ ಏನಿದ್ದರೂ ಬಿಚ್ಚಿ ನೋಡಬಹುದಾದ ಬಾಕ್ಸಿನಲ್ಲಿ, ಕನೆಕ್ಟರ್ ಹಾಕಿಯೇ. ಸರ್ವಿಸ್ ವೈರ್ ಅಲ್ಯೂಮಿನಿಯಂ, ಮನೆಯದು ತಾಮ್ರ. ಎರಡನ್ನೂ ಸುಮ್ಮನೆ ಸೇರಿಸಿ ಸುತ್ತಿದರೆ ತೇವ ಬಿದ್ದಾಗ ಅಲ್ಯೂಮಿನಿಯಂ ಕೊರೆದುಹೋಗುತ್ತದೆ, ಅಲ್ಲಿ ಬೈಮೆಟಲ್ ಲಗ್ಗೇ (ಎರಡೂ ಲೋಹಕ್ಕೆ ಹೊಂದುವ ಜೋಡಣೆ) ಹಾಕಬೇಕು. ಸ್ವಿಚ್ ಯಾವಾಗಲೂ ಫೇಸಿನಲ್ಲೇ ಇರಬೇಕು. ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲೆ ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿದರೂ ಲೈಟು ಹತ್ತುತ್ತದೆ, ಆರುತ್ತದೆ. ಆದರೆ ಆಫ್ ಮಾಡಿದ ಮೇಲೂ ಹೋಲ್ಡರಿನಲ್ಲಿ ಫೇಸ್ ನಿಂತಿರುತ್ತದೆ, ಬಲ್ಬ್ ಬದಲಿಸುವವರಿಗೆ ಹೊಡೆಯುತ್ತದೆ. ಎಲ್‌ಇಡಿ ಬಲ್ಬು ಆಫ್ ಮಾಡಿದ ಮೇಲೂ ಮಂಕಾಗಿ ಮಿನುಗುತ್ತಿದ್ದರೆ ಮೊದಲು ಇದನ್ನೇ ನೋಡಿ.

ನ್ಯೂಟ್ರಲ್ಲನ್ನು ‘ಖಾಲಿ ವೈರು’ ಎಂದು ಹಗುರವಾಗಿ ನೋಡುತ್ತಾರೆ. ಸಾಕೆಟ್ಟಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುತ್ತಿದೆ, ಆದರೆ ಏನೂ ಓಡುತ್ತಿಲ್ಲ ಅಂದರೆ ಹಿಂದೆಲ್ಲೋ ನ್ಯೂಟ್ರಲ್ ಕಡಿದಿದೆ. ಆನ್ ಆಗಿರುವ ಬಲ್ಬಿನ ಮೂಲಕ ಫೇಸೇ ಆ ವೈರಿಗೂ ಬಂದು ನಿಂತಿದೆ. ತ್ರೀ ಫೇಸ್ ಮನೆಯಲ್ಲಿ ಮೇನ್ ನ್ಯೂಟ್ರಲ್ ಕಡಿದರೆ ಅನಾಹುತವೇ. ಒಂದು ಫೇಸಿನಲ್ಲಿ 2000 ವ್ಯಾಟ್ ಗೀಸರ್, ಇನ್ನೊಂದು ಫೇಸಿನಲ್ಲಿ 100 ವ್ಯಾಟ್ ಟಿವಿ ಇದೆ ಎನ್ನಿ. ನ್ಯೂಟ್ರಲ್ ಹೋದಾಗ ಎರಡೂ ಒಂದರ ಹಿಂದೆ ಒಂದು ಸೇರಿದಂತಾಗಿ, 400 ವೋಲ್ಟ್ ಅವುಗಳ ನಡುವೆ ಹಂಚಿಹೋಗುತ್ತದೆ. ಗೀಸರಿಗೆ 20 ವೋಲ್ಟೂ ಸಿಗುವುದಿಲ್ಲ, ಟಿವಿಗೆ 380 ಸಿಗುತ್ತದೆ. ಗಾಳಿಮಳೆಯ ದಿನ ಕೆಲವು ಲೈಟು ಮಂಕಾಗಿ, ಕೆಲವು ಕಣ್ಣು ಕುಕ್ಕುವಷ್ಟು ಉರಿದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ, ಮೇನ್ ಆಫ್ ಮಾಡಿ ಲೈನ್‌ಮನ್‌ಗೆ ಹೇಳಿ. ನ್ಯೂಟ್ರಲ್ ಸಿಗುತ್ತಿಲ್ಲ ಎಂದು ಅರ್ಥಿಂಗ್ ವೈರನ್ನೇ ನ್ಯೂಟ್ರಲ್ ಮಾಡಿಕೊಡುವವರೂ ಇದ್ದಾರೆ. ಗುಂಡಿಯ ಮೇಲೆ ವೋಲ್ಟೇಜ್ ನಿಲ್ಲುವ ಮೇಲಿನ ಲೆಕ್ಕ ಆ ಮನೆಗೆ ದಿನವೂ ಅನ್ವಯಿಸುತ್ತದೆ.

ಪಂಪಿನ ವೈರು. ಮನೆಯಿಂದ ಅರವತ್ತು ಮೀಟರ್ ದೂರದ ಒಂದೂವರೆ ಎಚ್‌ಪಿ ಸಿಂಗಲ್ ಫೇಸ್ ಪಂಪಿಗೆ ಎರಡೂವರೆ ಸ್ಕ್ವೇರ್ ತಾಮ್ರ ಎಳೆದಿದ್ದಾರೆ ಎನ್ನಿ. ಹೋಗಿಬರುವ ದಾರಿ 120 ಮೀಟರ್, ಪ್ರತಿರೋಧ ಸುಮಾರು 0.9 ಓಮ್. ಓಡುವಾಗ 10 ಆಂಪಿಯರಿಗೆ 9 ವೋಲ್ಟ್ ನಷ್ಟ, ತೊಂದರೆಯಿಲ್ಲ. ಆದರೆ ಸ್ಟಾರ್ಟ್ ಆಗುವಾಗ ಮೋಟಾರ್ ಎಳೆಯುವುದು ಐದಾರು ಪಟ್ಟು. 50 ಆಂಪಿಯರಿಗೆ 45 ವೋಲ್ಟ್ ದಾರಿಯಲ್ಲೇ ಹೋಯಿತು. ಸಂಜೆ ಕಂಬದಲ್ಲೇ 190 ಇದ್ದರೆ ಮೋಟಾರಿಗೆ ಉಳಿಯುವುದು 145, ಅದು ಗುಂಯ್ ಅನ್ನುತ್ತಾ ನಿಂತಲ್ಲೇ ಕಾದು ವೈಂಡಿಂಗ್ ಸುಡುತ್ತದೆ. ಆರು ಸ್ಕ್ವೇರ್ ಹಾಕಿದ್ದರೆ ನಷ್ಟ ಸುಮಾರು 19 ವೋಲ್ಟ್ ಆಗುತ್ತಿತ್ತು. ಕಂಡೆನ್ಸರ್ ಬದಲಿಸಿ, ಮೋಟಾರ್ ಕಟ್ಟಿಸಿ ದುಡ್ಡು ಕಳೆಯುವ ಮೊದಲು ವೈರು ನೋಡಿ. ಶಿವನಸಮುದ್ರದ ಕರೆಂಟನ್ನು 1902ರಲ್ಲಿ, ಬೆಂಗಳೂರಿಗೆ ದೀಪ ಬರುವುದಕ್ಕೂ ಮೂರು ವರ್ಷ ಮೊದಲು, ಸುಮಾರು 147 ಕಿಲೋಮೀಟರ್ ದೂರದ ನಮ್ಮ ಕೆಜಿಎಫ್ ಗಣಿಗೆ ತಂದಾಗಲೂ ಎಂಜಿನಿಯರುಗಳ ಮುಂದೆ ಇದ್ದದ್ದು ಇದೇ ಲೆಕ್ಕ. ಅವರು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಆಂಪಿಯರ್ ಇಳಿಸಿದರು. ಮನೆಯಲ್ಲಿ ನಮಗೆ ಆ ಅನುಕೂಲ ಇಲ್ಲ, ವೈರು ದಪ್ಪ ಮಾಡುವುದೊಂದೇ ದಾರಿ.

ದನದ ಕೊಟ್ಟಿಗೆಗೆ ಹಾಲು ಕರೆಯುವ ಮಷಿನ್, ಹುಲ್ಲು ಕತ್ತರಿಸುವ ಮಷಿನ್ ಬಂದಿವೆ. ಮುಟ್ಟಿದರೆ ಅಪಾಯವಾಗದ ವೋಲ್ಟೇಜಿಗೆ ಮನುಷ್ಯನಿಗೆ 50 ವೋಲ್ಟ್ ಎಲ್ಲೆ ಎಂದರೆ ದನಗಳಿಗೆ 25 ಎಂದು ಇಟ್ಟುಕೊಳ್ಳಬೇಕು. ಅವು ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ ನಿಂತಿರುತ್ತವೆ, ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ನಡುವೆ ಇರುವುದು ಎದೆ. ಕೊಟ್ಟಿಗೆ ಲೈನಿಗೆ 30 ಮಿಲಿಆಂಪಿಯರಿನದು ಒಂದು ಬೇರೆಯೇ ಆರ್‌ಸಿಸಿಬಿ ಹಾಕಿ. ರೇಷ್ಮೆ ಹುಳು ಮನೆಗೂ ಇದೇ ಮಾತು, ಅಲ್ಲಿ ಗಾಳಿಯಲ್ಲೇ ತೇವ. ಶೀಟ್ ಮನೆಗಳಲ್ಲಿ ವೈರನ್ನು ತಗಡಿನ ಅಂಚಿನ ಮೇಲೆ ಹಾಯಿಸಬೇಡಿ, ಗಾಳಿಗೆ ಉಜ್ಜಿ ಉಜ್ಜಿ ಹೊದಿಕೆ ಹೋಗಿ ಇಡೀ ಚಾವಣಿಗೆ ಫೇಸ್ ಬರುತ್ತದೆ. ಸರ್ವಿಸ್ ವೈರ್ ಹೊತ್ತಿರುವ ಜಿಐ ತಂತಿಗೋ ಆ ತಂತಿ ಕಟ್ಟಿರುವ ಪೈಪಿಗೋ ಬಟ್ಟೆ ಒಣಗಿಸುವ ಕಬ್ಬಿಣದ ತಂತಿ ಕಟ್ಟುವುದನ್ನಂತೂ ದಯವಿಟ್ಟು ಇವತ್ತೇ ನಿಲ್ಲಿಸಿ. ಒದ್ದೆ ಬಟ್ಟೆ, ಒದ್ದೆ ಕೈ, ಬರಿಗಾಲು ಮೂರೂ ಅಲ್ಲಿ ಸೇರುತ್ತವೆ. ನೈಲಾನ್ ಹಗ್ಗ ಸಾಕು.

ಉಪನ್ಯಾಸದ ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇನೆ.

ಯುಪಿಎಸ್ ಹಾಕಿಸಿದ ಮೇಲೆ ಆರ್‌ಸಿಸಿಬಿ ನಿಲ್ಲುತ್ತಿಲ್ಲ, ಯಾಕೆ ಎಂದು ಒಬ್ಬರು ಕೇಳಿದರು. ಯುಪಿಎಸ್‌ಗೆ ಫೇಸನ್ನು ಆರ್‌ಸಿಸಿಬಿಗಿಂತ ಮೊದಲು ತೆಗೆದು, ನ್ಯೂಟ್ರಲ್ಲನ್ನು ಆರ್‌ಸಿಸಿಬಿ ದಾಟಿದ ಲಿಂಕಿಗೆ (ನ್ಯೂಟ್ರಲ್ ವೈರುಗಳೆಲ್ಲ ಬಂದು ಸೇರುವ ಪಟ್ಟಿಗೆ) ಸೇರಿಸಿರುತ್ತಾರೆ. ಹೋಗುವ ಕರೆಂಟು ಉಂಗುರದ ಹೊರಗಿನಿಂದ, ಬರುವ ಕರೆಂಟು ಒಳಗಿನಿಂದ ಆದಾಗ ಅದು ಸೋರಿಕೆ ಎಂದೇ ತಿಳಿದು ಬೀಳುತ್ತದೆ. ಎರಡನ್ನೂ ಆರ್‌ಸಿಸಿಬಿ ದಾಟಿದ ಮೇಲೇ ತೆಗೆದುಕೊಳ್ಳಬೇಕು. ಎರಡು ಆರ್‌ಸಿಸಿಬಿ ಇದ್ದರೆ ಒಂದರ ನ್ಯೂಟ್ರಲ್ ಇನ್ನೊಂದರ ಲಿಂಕಿಗೆ ಹೋಗಬಾರದು. ಮತ್ತೊಂದು ಎಚ್ಚರಿಕೆ: ಯುಪಿಎಸ್ ಇರುವ ಮನೆಯಲ್ಲಿ ಮೇನ್ ಆಫ್ ಮಾಡಿದರೂ ಯುಪಿಎಸ್ ಲೈನಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ, ಮೇನ್ ಆರ್‌ಸಿಸಿಬಿಯ ಕಾವಲೂ ಅದಕ್ಕೆ ಆಗ ಇರುವುದಿಲ್ಲ. ಬೋರ್ಡ್ ಬಿಚ್ಚುವ ಮೊದಲು ಯುಪಿಎಸ್ಸನ್ನೂ ಆಫ್ ಮಾಡಿ.

ಹಳೇ ಮನೆಗೆ ಆರ್‌ಸಿಸಿಬಿ ಹಾಕಿದರೆ ದಿನವೂ ಬೀಳುತ್ತದೆ, ಕೊನೆಗೆ ತೆಗೆಸಿಬಿಟ್ಟೆವು ಎಂದು ಇನ್ನೊಬ್ಬರು ಹೇಳಿದರು. ಬೀಳುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ, ಅದನ್ನು ಹುಡುಕಬೇಕು. ಎಲ್ಲ ಪ್ಲಗ್ ಕೀಳಿ, ಎಲ್ಲ ಎಂಸಿಬಿ ಆಫ್ ಮಾಡಿ, ಆರ್‌ಸಿಸಿಬಿ ಎತ್ತಿ. ನಿಂತರೆ ಒಂದೊಂದೇ ಎಂಸಿಬಿ ಹಾಕುತ್ತಾ ಬನ್ನಿ, ಯಾವುದಕ್ಕೆ ಬೀಳುತ್ತದೋ ಆ ಲೈನಿನಲ್ಲಿ ದೋಷ. ಎಲ್ಲ ಎಂಸಿಬಿ ಹಾಕಿದರೂ ನಿಂತರೆ ಆಮೇಲೆ ಒಂದೊಂದೇ ಪ್ಲಗ್ ಹಾಕಿ ನೋಡಿ. ಗೀಸರ್, ಪಂಪು, ಹಳೇ ಗ್ರೈಂಡರ್ ಮೇಲೆ ಮೊದಲು ಅನುಮಾನ ಪಡಿ. ಎಂಸಿಬಿ ಎಲ್ಲ ಆಫ್ ಇದ್ದರೂ ಬೀಳುತ್ತಿದ್ದರೆ ಗಾಬರಿಯಾಗಬೇಡಿ. ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಹಾಗೇ ಇರುತ್ತದೆ. ಎಲ್ಲೋ ನ್ಯೂಟ್ರಲ್ ಮತ್ತು ಅರ್ಥ್ ತಗುಲಿಕೊಂಡಿವೆ ಎಂದು ಅರ್ಥ. ಮೇನ್ ಆಫ್ ಮಾಡಿ, ನ್ಯೂಟ್ರಲ್ ಲಿಂಕಿನಿಂದ ಒಂದೊಂದೇ ವೈರು ಬಿಡಿಸಿ ಹುಡುಕಬೇಕು. 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆ ಸರಿಯಿದೆಯೇ ಎಂದು ಅಳೆಯುವ ಮೀಟರ್) ಇದ್ದರೆ ಕೆಲಸ ಬೇಗ ಆಗುತ್ತದೆ, ಆ ವೈರಿಗೂ ಅರ್ಥಿಗೂ ನಡುವೆ ಒಂದು ಮೆಗಾಓಮಿಗಿಂತ ಕಮ್ಮಿ ತೋರಿಸಬಾರದು. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸುವ ಕೆಲಸ.

ಆರ್‌ಸಿಸಿಬಿ ಮೇಲಿನ ‘ಟಿ’ ಬಟನ್ ಒತ್ತಿ ಬಿದ್ದರೆ ಅರ್ಥಿಂಗ್ ಚೆನ್ನಾಗಿದೆ ಎಂದು ಅರ್ಥವೇ ಎಂಬುದು ಮೂರನೆಯ ಪ್ರಶ್ನೆ. ಅಲ್ಲ. ಆ ಬಟನ್ ಒಳಗಿನ ಒಂದು ರೆಸಿಸ್ಟರ್ ಮೂಲಕ ಉಂಗುರದ ಹೊರಗಿಂದ ಒಂದಿಷ್ಟು ಕರೆಂಟು ಹಾಯಿಸುತ್ತದೆ, ಅರ್ಥಿಂಗೇ ಇಲ್ಲದ ಮನೆಯಲ್ಲೂ ಬೀಳುತ್ತದೆ. ಅದು ತೋರಿಸುವುದು ಆರ್‌ಸಿಸಿಬಿಯ ಒಳಗಿನ ಕೆಲಸ ಸರಿಯಿದೆ ಎಂಬುದನ್ನು. ಅದನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಿ. ಅರ್ಥಿಂಗ್ ಓಮನ್ನು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ನೆಲ ಪೂರ್ತಿ ಒಣಗಿರುವಾಗ ಅಳೆಸಿ, ಡಿಬಿ ಬಾಕ್ಸಿನ ಬಾಗಿಲ ಒಳಗೆ ತಾರೀಖಿನ ಸಮೇತ ಬರೆದಿಡಿ.